ಉಗುರೊತ್ತಿ ನೋಡುತ್ತಿದ್ದ ನಮ್ಮ ಬೀಗಿತ್ತಿ

ಆಕೆಯ ಬಲಗೈ ಹೆಬ್ಬೆರಳು ಕಪ್ಪಗಿತ್ತು. ಕೊಳೆಯಲ್ಲ. ಹೊಗೆಸೊಪ್ಪು ಮುರಿಯುವವರ ಕೈಗೆ ಎಲೆಯ ಅಂಟು ಹತ್ತಿ ಹತ್ತಿ ಉಗುರಿನ ಸುತ್ತ ಕರಿ ಕೂರುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುವುದಿಲ್ಲ, ನಿಂಬೆ ಹೋಳು ತಿಕ್ಕಿದರೂ ಹೋಗುವುದಿಲ್ಲ. ಪಿರಿಯಾಪಟ್ಟಣದ ಕಡೆಯ ಹೆಂಗಸರ ಕೈ ನೋಡಿದವರಿಗೆ ಇದು ಗೊತ್ತು. ನಮ್ಮ ಬೀಗಿತ್ತಿ, ಅಂದರೆ ನನ್ನ ಮಗಳ ಅತ್ತೆ, ಆ ಕರಿ ಹೆಬ್ಬೆರಳನ್ನು ಮುಂದೆ ಮಾಡಿಕೊಂಡೇ ನಮ್ಮ ಮನೆಯ ಹೊಸ್ತಿಲು ದಾಟಿದ್ದು.

ಹೆಣ್ಣು ನೋಡಲು ಬಂದವರು ಕೂದಲು ನೋಡುತ್ತಾರೆ, ನಡಿಗೆ ನೋಡುತ್ತಾರೆ, ಅಡುಗೆ ಬರುತ್ತದಾ ಅನ್ನುತ್ತಾರೆ. ಈಕೆ ಒಂದೂ ಕೇಳಲಿಲ್ಲ. ಕಾಫಿ ಲೋಟ ಪಕ್ಕಕ್ಕಿಟ್ಟು ನನ್ನ ಮಗಳ ಕೈ ಹಿಡಿದು, ಒಂದೊಂದೇ ಉಗುರನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಒತ್ತಿದಾಗ ಉಗುರು ಬೆಳ್ಳಗಾಗುತ್ತದೆ, ಬಿಟ್ಟರೆ ಕೆಂಪು ತಿರುಗಿ ಬರುತ್ತದೆ. ಅದನ್ನೇ ನೋಡುತ್ತಾ ಕೂತಳು. ಐದೂ ಬೆರಳು ಮುಗಿದ ಮೇಲೆ "ಸರಿ" ಅಂದಳು. ನನಗೆ ಮೈ ಉರಿದುಹೋಯಿತು. ಒಳಗೆ ಹೋಗಿ ಯಜಮಾನರಿಗೆ, "ಇದೇನ್ರೀ, ಸಂತೇಲಿ ಕುರಿ ಹಲ್ಲು ಬಿಡ್ಸಿ ನೋಡಿದಂಗೆ ನೋಡ್ತಾವ್ಳೆ!" ಅಂದೆ. ಅವರು, "ಸುಮ್ನಿರು, ಹುಡ್ಗ ಚೆನ್ನಾಗವ್ನೆ" ಅಂದರು. ಹುಡುಗ ಚೆನ್ನಾಗಿದ್ದ. ಅದಕ್ಕೇ ಮದುವೆಯಾಯಿತು. ಆದರೆ ಆ ಹೆಬ್ಬೆರಳನ್ನು ನಾನು ಮರೆಯಲಿಲ್ಲ.

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಹತ್ತಿ ಬಿಡಿಸುವುದು, ರಾಗಿ ಕೊಯ್ಯುವುದು ನನ್ನ ಕೆಲಸ, ಬರೆಯುವುದಲ್ಲ. ಆದರೆ ಈ ಜೂನ್‌ನಲ್ಲಿ ನನ್ನ ಮೊಮ್ಮಗಳು ಪುಟ್ಟಿ ಒಂದನೇ ಕ್ಲಾಸಿಗೆ ಸೇರಿದಳು. ಮೊದಲ ದಿನ ಗೇಟಿನಿಂದ ಕ್ಲಾಸಿನ ಬಾಗಿಲ ತನಕ ಓಡಿದಳು ನೋಡಿ, ಬೆನ್ನ ಮೇಲೆ ಬ್ಯಾಗು ಕುಣಿಯಬೇಕು, ಜಡೆ ಕುಣಿಯಬೇಕು, ಹಾಗೆ. "ಮೆಲ್ಲಗೆ, ಮೆಲ್ಲಗೆ" ಅಂತ ಮೇಷ್ಟ್ರು ಕೂಗಿದರು. "ಓಡ್ಲಿ ಬುಡಿ ಸಾ" ಅಂದೆ ನಾನು. ಈ ಮಗು ಓಡುವುದಿಲ್ಲ, ಉಳಿಯುವುದೇ ಇಲ್ಲ ಅಂತ ಎಷ್ಟು ಬಾಯಿಗಳು ಹೇಳಿದ್ದವು! ಆ ಸಂತೋಷ ಒಳಗೆ ಹಿಡಿಸದೆ, ಅವಳದೇ ಕಾಪಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಾ ಇದ್ದೇನೆ. ಬರೆಯಬೇಕಾದದ್ದು ಪುಟ್ಟಿಯ ಬಗ್ಗೆ ಅಲ್ಲ. ಅವಳನ್ನು ಉಳಿಸಿದ ನನ್ನ ಬೀಗಿತ್ತಿಯ ಬಗ್ಗೆ.

ಮದುವೆಯಾದ ಮೇಲೆ ಆಕೆಯ ವಿಚಿತ್ರಗಳು ಒಂದೊಂದಾಗಿ ಕಂಡವು. ಆ ಮನೆಯಲ್ಲಿ ನೀಲಿ ಅನ್ನುವ ಬಣ್ಣವೇ ಇರಲಿಲ್ಲ. ಬಕೆಟ್ಟು ಕೆಂಪು, ಬಾಗಿಲು ಹಸಿರು. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನೂ ಒಳಗೆ ತರಗೊಡುತ್ತಿರಲಿಲ್ಲ. ಅದಕ್ಕೇ ನಮ್ಮ ಬೀಗರ ಪಂಚೆಗಳೆಲ್ಲ ಹಳದಿಗೆ ತಿರುಗಿ, ಅವರು ದಿನವೂ ಅರಿಸಿನದ ಶಾಸ್ತ್ರ ಮುಗಿಸಿ ಎದ್ದು ಬಂದವರ ಹಾಗೆ ಕಾಣುತ್ತಿದ್ದರು. ನಾವು ಬೀಗರ ಮರ್ಯಾದೆ ಅಂತ ಆಕೆಗೆ ನವಿಲು ಬಣ್ಣದ ರೇಷ್ಮೆ ಸೀರೆ ಕೊಟ್ಟಿದ್ದೆವು. ಒಂದು ಸಲವೂ ಉಡಲಿಲ್ಲ. ಅದಕ್ಕೂ ನಾನು ಮುನಿಸಿಕೊಂಡೆ.

ಇನ್ನೊಂದು, ಯಾರ ಮನೆಯ ಕೂಸು ಕಂಡರೂ ಕೈ ಹಿಡಿದು ಉಗುರು ಒತ್ತುವುದು. ಬಸ್ಸಿನಲ್ಲಿ, ಸಂತೆಯಲ್ಲಿ, ಮಠದ ಪಂಕ್ತಿಯಲ್ಲಿ. ತಾಯಂದಿರು ಕೂಸನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಯಾಕೆ ಅಂತ ಕೇಳಿದರೆ ಆಕೆಯದು ಒಂದೇ ಮಾತು: "ನೋಡಿದ್ರೆ ಕಣ್ಣೇನು ಸವೀತದಾ?"

ಮಗಳು ಬಸುರಿಯಾದಳು. ಐದು ತಿಂಗಳು ತುಂಬಿದಾಗ ಅವರ ಕಡೆಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಕೈ ಕಾಲು ತಲೆ ಬೆನ್ನು ಎಲ್ಲ ಸರಿಯಾಗಿದೆ ಅಂತ ಬರೆದುಕೊಟ್ಟರು. ಗೌರಿ ಹಬ್ಬಕ್ಕೆ ಅಳಿಯ ಅವಳನ್ನು ನಮ್ಮೂರಿಗೆ ಕರೆತಂದು ಬಿಟ್ಟುಹೋದ. ಹಬ್ಬವಾಗಿ ಮೂರನೇ ದಿನ, ನಾನು ಅಂಗಳ ಗುಡಿಸುತ್ತಿದ್ದಾಗ ಬೀಗಿತ್ತಿ ಬಂದು ನಿಂತಳು. ಮೊದಲ ಬಸ್ಸಿಗೆ ಹೊರಟು, ಹುಣಸೂರಲ್ಲಿ ಬಸ್ಸು ಬದಲಿಸಿ, ಹ್ಯಾಂಡ್‌ಪೋಸ್ಟ್ ಅನ್ನುವ ಸ್ಟಾಪಿನಲ್ಲಿ ಇಳಿದು ಅಲ್ಲಿಂದ ನಡೆದೇ ಬಂದಿದ್ದಳು. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ ಅಂದರೆ ಎಲೆಯನ್ನು ಕೋಲಿಗೆ ಕಟ್ಟಿ ನೇತುಹಾಕಿ ಕಾವು ಕೊಡುವ ಎತ್ತರದ ಮನೆ. ಅದಕ್ಕೆ ಬೆಂಕಿ ಹಾಕಿದ ಮೇಲೆ ಆ ಕಡೆಯವರು ಹೆಣ ಬಿದ್ದ ಮನೆಗೂ ನಿಂತ ಕಾಲಲ್ಲಿ ಹೋಗಿ ಬರುತ್ತಾರೆ. ಈಕೆ ಬೆಂಕಿ ಹಾಕಿ ಎರಡು ದಿನವಾದ ಬ್ಯಾರನ್ ಬಿಟ್ಟು ಬಂದಿದ್ದಾಳೆ.

"ಬೀಗ್ರೇ, ನಾಳೆ ಸೊಸೇನ ಮೈಸೂರಿಗೆ ಕರ್ಕೊಂಡೋಗ್ಬೇಕು. ಇನ್ನೊಂದು ಸ್ಕ್ಯಾನ್ ಮಾಡಿಸ್ಬೇಕು."

"ಆಗ್ಲೇ ಮಾಡ್ಸಾಯ್ತಲ್ಲ. ಎಲ್ಲಾ ಸರ್ಯಾಗಿ ಅದೆ ಅಂತ ಬರ್ಕೊಟ್ಟವ್ರಲ್ಲ."

"ಅದು ಬ್ಯಾರೆ. ಇದು ಬರೀ ಗುಂಡಿಗೆ ನೋಡೋದು. ಆರು ತುಂಬೋದ್ರೊಳಗೆ ನೋಡ್ಬೇಕಂತೆ."

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಬರೆಯುತ್ತೇನೆ. ನಮ್ಮ ಬೀದಿಯಲ್ಲಿ ಹಿಂದೆ ಒಂದು ಮನೆಯವರು ಸೊಸೆಯನ್ನು ಎರಡನೇ ಸ್ಕ್ಯಾನ್ ಅಂತ ಎಲ್ಲಿಗೋ ಕರೆದುಕೊಂಡು ಹೋದರು. ವಾರದ ಮೇಲೆ ಆ ಹುಡುಗಿ ಬರಿಹೊಟ್ಟೆಯಲ್ಲಿ ವಾಪಸು ಬಂದಳು. ಹೆಣ್ಣಂತೆ ಅಂತ ಊರೆಲ್ಲ ಪಿಸುಗುಟ್ಟಿತು. ಬೀದಿಯಲ್ಲಿ ನಿಂತು ಆ ಅತ್ತೆಗೆ ಬೈದವಳು ನಾನೊಬ್ಬಳೇ. ಅಂದಿನಿಂದ ಎರಡನೇ ಸ್ಕ್ಯಾನ್ ಅಂದರೆ ನನಗೆ ಒಂದೇ ಅರ್ಥ. ಮೊದಲ ಸ್ಕ್ಯಾನ್ ಮಗುವಿಗೆ, ಎರಡನೆಯದು ಅತ್ತೆಗೆ.

ಕೈಯಲ್ಲಿದ್ದ ಪೊರಕೆ ಬಿಸಾಡಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. "ಯಾಕ್ರೀ, ಒಂದ್ಸಲ ನೋಡಿದ್ದು ಸಾಲ್ದಾ? ಹೆಣ್ಣೋ ಗಂಡೋ ಗೊತ್ತಾಗ್ಬೇಕಾಗದಾ ನಿಮಗೆ? ಹೆಣ್ಣಾದ್ರೆ ನಾನೇ ಸಾಕ್ಕೋತೀನಿ. ನಿಮ್ಮನೆಗೆ ಕಳ್ಸಾಕಿಲ್ಲ ಓಗಿ!"

ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಆಕೆಯೂ ಪಟ್ಟಾಗಿ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಸೆರಗು ಬಿಗಿಮಾಡಿ ನಮ್ಮ ಜಗಲಿಯ ಮೇಲೆ ಕೂತಳು. "ನೀವು ಹೂಂ ಅನ್ನೋ ಗಂಟ ನಾನಿಲ್ಲಿಂದ ಏಳಾಕಿಲ್ಲ" ಅಂದಳು. ಅಷ್ಟೇ. ನೀರು ಕೊಟ್ಟರೆ ಮುಟ್ಟಲಿಲ್ಲ. ಯಜಮಾನರು ಬಂದು, "ಒಳಗಾದ್ರೂ ಬನ್ನಿ ತಾಯಿ" ಅಂದರು. "ಸೊಸೆ ಬಂದ್ರೆ ಅವಳ್ಜೊತೆ ಬಸ್ಸಿಗೇ ಓಗದು" ಅಂದಳು. ನಾನು ಮಗಳನ್ನು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡೆ.

ಬಿಸಿಲು ಜಗಲಿಗೆ ಬಂತು, ಆಕೆ ಕದಲಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯ ಹುಡುಗಿ ತನ್ನ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ತಮಾಷೆ ನೋಡಲು ಬಂದಳು. ಕಿಟಕಿಯಲ್ಲಿ ನಾನು ನೋಡುತ್ತಿದ್ದೆ. ಬೀಗಿತ್ತಿಯ ಕೈ ತಾನಾಗಿಯೇ ಹೋಯಿತು. ಕೂಸಿನ ಅಕ್ಕಿಕಾಳಿನಂಥ ಉಗುರನ್ನು ಒತ್ತಿದಳು, ಬಿಟ್ಟಳು. ಕೆಂಪು ಬಂತು. ಆಗ ಆಕೆಯ ಮುಖದ ಮೇಲೆ ಬಂದದ್ದು ಏನು ಅಂತ ಹೇಳಲಿ? ಕಳೆದುಹೋದ ವಸ್ತುವನ್ನು ಬೇರೆಯವರ ಮನೆಯಲ್ಲಿ ಕಂಡವರ ಮುಖ ಹಾಗಿರುತ್ತದೆ. ನಾನು ಬಾಗಿಲು ತೆಗೆದು ಹೊರಗೆ ಬಂದು ಪಕ್ಕದಲ್ಲಿ ಕೂತೆ.

"ಯಾಕ್ರೀ ಉಗುರು ಒತ್ತೀರಿ? ಇವತ್ತು ಹೇಳ್ಬುಡಿ."

ಆಕೆ ಹೇಳಿದಳು. ನಮ್ಮ ಅಳಿಯನಿಗಿಂತ ಮೊದಲು ಒಂದು ಗಂಡು ಕೂಸು ಹುಟ್ಟಿತ್ತಂತೆ. ಒಳ್ಳೇ ಗಾತ್ರ, ಒಳ್ಳೇ ಕೂಗು. ಎರಡನೇ ದಿನಕ್ಕೆ ತುಟಿ ನೇರಳೆಹಣ್ಣು ತಿಂದ ಹಾಗಾಯಿತು. ದೃಷ್ಟಿ ಅಂದರು, ಈಬತ್ತಿ ಬಳಿದರು, ಗಾಳಿ ಅಂದರು. ಆಕೆ ಉಗುರು ಒತ್ತಿ ಒತ್ತಿ ನೋಡುತ್ತಿದ್ದಳಂತೆ. ಕೆಂಪು ಬರುತ್ತಿರಲಿಲ್ಲ, ನೀಲಿಯೇ ಬರುತ್ತಿತ್ತು. ಒಂಬತ್ತನೇ ದಿನ ಕೂಸು ಹೋಯಿತು. ಹೆತ್ತವಳ ಹಾಲೇ ವಿಷ ಅಂತ ಮನೆಯ ಹಿರಿಯರು ತೀರ್ಮಾನ ಮಾಡಿದರು. ಅದನ್ನು ಆಮೇಲೆ ಯಾರೂ ಬಾಯಿಬಿಡಬಾರದು ಅಂತ ಆಣೆ ಹಾಕಿದರು.

"ಮೊನ್ನೆ ಹುಣಸೂರಲ್ಲಿ ಡಾಕ್ಟ್ರಮ್ಮನ್ನ ಕೇಳ್ದೆ" ಅಂದಳು. "ಹಿಂಗಾಗಿತ್ತು ಅಂದೆ. ಮನೇಲಿ ಒಂದು ಕೂಸು ಹಂಗೋಗಿದ್ರೆ ಗುಂಡಿಗೆ ಒಂದ್ಸಲ ಸರ್ಯಾಗಿ ನೋಡುಸ್ಬುಡಿ ಅಂದ್ರು."

"ಇದನ್ನ ಮದ್ವೆಗೆ ಮುಂಚೆ ಯಾಕೆ ಹೇಳ್ನಿಲ್ಲ ನೀವು?" ನನಗೆ ಇನ್ನೂ ಸಿಟ್ಟು.

"ಹೇಳಿದ್ರೆ ಹೆಣ್ಣು ಕೊಡ್ತಿದ್ರಾ?"

ನಾನು ಯೋಚನೆ ಮಾಡಿದೆ. "ಇಲ್ಲ."

"ಅದ್ಕೇ ಹೇಳ್ನಿಲ್ಲ."

ಅಷ್ಟು ನೇರವಾಗಿ ತಪ್ಪು ಒಪ್ಪಿಕೊಂಡವರ ಜೊತೆ ಹೇಗೆ ಜಗಳವಾಡುವುದು? "ಆದ್ರೆ ಮೊದ್ಲು ನೋಡಿದ್ರಲ್ಲ, ಅವ್ರಿಗೆ ಕಾಣ್ತಿರ್ಲಿಲ್ವಾ?" ಅಂದೆ.

"ನಮ್ ಬ್ಯಾರನ್‌ಗೆ ಒಂದು ಗಾಜಿನ ಕಿಂಡಿ ಅದೆ. ಬಾಗ್ಲು ತೆಗೆದ್ರೆ ಕಾವು ಹೋಯ್ತದೆ, ಅದ್ಕೆ ಕಿಂಡೀಲೇ ನೋಡ್ತೀವಿ. ಸುಮ್ನೆ ನೋಡಿದ್ರೆ ಎಲೆ ಅದೆ, ಕೋಲದೆ, ಎಲ್ಲಾ ಅದೆ. ಎಲೆ ನರ ಒಣಗ್ತಾ ಅಂತ ತಿಳೀಬೇಕಾದ್ರೆ ನಿಂತ್ಕೊಂಡು ನರಾನೇ ನೋಡ್ಬೇಕು. ನಮ್ ಕಾಲ್ದಲ್ಲಿ ಕಿಂಡೀನೇ ಇರ್ನಿಲ್ಲ ಬೀಗ್ರೇ. ಈಗ ಅದೆ. ನೋಡಿದ್ರೆ ಕಣ್ಣೇನು ಸವೀತದಾ?"

ನಾನು ಒಳಗೆ ಹೋಗಿ ನೀರು ತಂದೆ. ಈ ಸಲ ಕುಡಿದಳು.

ಮಾರನೇ ದಿನ ಅಳಿಯನೂ ಬಂದು ಸೇರಿಕೊಂಡ. ಮೈಸೂರಿನ ಸ್ಕ್ಯಾನ್ ಕೋಣೆಯಲ್ಲಿ, ಹುಟ್ಟುವ ಮಗು ಹೆಣ್ಣೋ ಗಂಡೋ ಹೇಳುವುದಿಲ್ಲ ಅನ್ನುವ ಬೋರ್ಡು ಗೋಡೆಯ ಮೇಲೇ ಇತ್ತು. ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ. ಬೀಗಿತ್ತಿ ಡಾಕ್ಟರಮ್ಮನಿಗೆ ಕೈಮುಗಿದು, "ತಾಯೀ, ಹೆಣ್ಣೋ ಗಂಡೋ ಅಪ್ಪಿತಪ್ಪಿನೂ ಬಾಯ್ಬುಡ್ಬೇಡಿ. ನಮ್ ಬೀಗ್ರು ಪೊರಕೆ ತಂದವ್ರೆ" ಅಂದಳು. ಮಲಗಿದ್ದ ಮಗಳೂ ನಕ್ಕಳು. ಡಾಕ್ಟರಮ್ಮನೂ ನಕ್ಕರು. ಆಮೇಲೆ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಾ ಆಡಿಸುತ್ತಾ ಅವರ ನಗು ನಿಂತುಹೋಯಿತು. ತುಂಬಾ ಹೊತ್ತು ನೋಡಿದರು. ಮಗಳನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಮತ್ತೆ ನೋಡಿದರು. ಪರದೆಯ ಮೇಲೆ ಕಡಲೆಕಾಯಿ ಗಾತ್ರದ್ದೊಂದು ಮಿಡಿಯುತ್ತಿತ್ತು. ನನಗೆ ಅದು ಚೆನ್ನಾಗಿಯೇ ಕಂಡಿತು.

ಕೊನೆಗೆ ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಗುಂಡಿಗೆಯಿಂದ ಎರಡು ದೊಡ್ಡ ರಕ್ತನಾಳ ಹೊರಡುತ್ತವಂತೆ. ನಮ್ಮ ಮಗುವಿಗೆ ಒಂದರ ಜಾಗದಲ್ಲಿ ಇನ್ನೊಂದು ಕೂತಿದೆ. ಹೊಟ್ಟೆಯಲ್ಲಿರುವ ತನಕ ತಾಯಿಯ ಉಸಿರೇ ಮಗುವಿಗೂ ಸಾಕು, ಏನೂ ಆಗುವುದಿಲ್ಲ. ಹುಟ್ಟಿ ಹೊರಗೆ ಬಂದ ಮೇಲೆ ಮೈ ನೀಲಿಯಾಗುತ್ತದೆ. "ಊರಲ್ಲಿ ಹೆರಿಗೆ ಮಾಡಿಸಬೇಡಿ. ಚಿಕ್ಕ ಮಕ್ಕಳ ಹೃದಯದ ಆಪರೇಷನ್ ಮಾಡೋ ಆಸ್ಪತ್ರೆ ಪಕ್ಕದಲ್ಲೇ ಹೆರಿಗೆ ಆಗಬೇಕು. ಎಲ್ಲಾ ಸರಿ ಹೋಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಆದರೆ ಮೊದಲೇ ಗೊತ್ತಾಗಿದೆಯಲ್ಲ, ಅದೇ ದೊಡ್ಡ ಬಲ" ಅಂದರು.

ಮಗಳು ಅತ್ತಳು, ನಾನು ಅತ್ತೆ, ಅಳಿಯ ಗೋಡೆಗೆ ತಿರುಗಿ ನಿಂತ. ಬೀಗಿತ್ತಿ ಅಳಲಿಲ್ಲ. "ನನ್ ಮೊದಲ್ನೇ ಕೂಸಿಗೂ ಇದೇನಾ ಡಾಕ್ಟ್ರೇ?" ಅಂತ ಕೇಳಿದಳು.

"ಇದೇ ಅಂತ ಈಗ ಹೇಳೋಕಾಗಲ್ಲಮ್ಮ. ಹೃದಯದ್ದೇ ಏನೋ ಇದ್ದಿರಬಹುದು. ಆದರೆ ಅದು ನಿಮ್ಮಿಂದ ಆಗಿದ್ದಲ್ಲ. ಹಾಲಿನಿಂದ ಯಾವ ಮಗೂನೂ ಹಾಗಾಗಲ್ಲ."

"ಇನ್ನೊಂದ್ಸಲ ಹೇಳಿ."

ಡಾಕ್ಟರಮ್ಮ ಇನ್ನೊಂದು ಸಲ ಹೇಳಿದರು. ಬೀಗಿತ್ತಿ ನಮ್ಮ ಕಡೆ ತಿರುಗಿ, "ಕೇಳಿಸ್ಕೊಂಡ್ರಾ ಎಲ್ರೂವೆ?" ಅಂದಳು. ಮೂವತ್ತೈದು ವರ್ಷ ಅದನ್ನು ಹೊತ್ತುಕೊಂಡಿದ್ದವಳು ಆ ಕೋಣೆಯಲ್ಲಿ ಇಳಿಸಿದಳು. ಇಳಿಸಿ ಕೈ ಕೊಡವಿಕೊಂಡು ಮುಂದಿನ ಕೆಲಸಕ್ಕೆ ನಿಂತಳು.

ಅವರ ಊರಿಗೆ ಹೋದಾಗ ಅಳಿಯನ ದೊಡ್ಡಪ್ಪ ಬಂದು ಕೂತರು. ದೊಡ್ಡ ಮನುಷ್ಯರು, ಊರಲ್ಲಿ ಅವರ ಮಾತಿಗೆ ಬೆಲೆ. "ಹುಳುಕಿರೋ ಕಾಯಿ ಬಳ್ಳೀಲಿ ಯಾಕೆ ಬುಡ್ಬೇಕು? ಇನ್ನೂ ವಯಸ್ಸದೆ, ಇನ್ನೊಂದಾಯ್ತದೆ. ತೆಗ್ಸಿಬುಡಿ" ಅಂದರು. ಅವರೆದುರು ಬೀಗಿತ್ತಿ ಅಲ್ಲಿಯ ತನಕ ತಲೆ ಎತ್ತಿ ಮಾತಾಡಿದವಳಲ್ಲ. ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಭಾವನೋರೇ, ನಿಮಗೆ ಕಣ್ಣು ಪೊರೆ ಬಂದಿತ್ತು. ನಿಮ್ಮನ್ನ ತೆಗ್ಸುದ್ವಾ, ಪೊರೆ ತೆಗ್ಸುದ್ವಾ?"

ಜಗಲಿಯ ಮೇಲಿದ್ದವರು ನಗು ತಡೆಯಲಾರದೆ ಎದ್ದು ಹೋದರು. "ಬೇಡ ಅಂತ ಹೆತ್ತೋಳು ಹೇಳ್ಲಿ, ಕೇಳ್ತೀನಿ" ಅಂತ ಸೊಸೆಯ ಕಡೆ ನೋಡಿದಳು. ನನ್ನ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಂಗೆ ಬೇಕು ಅತ್ತೆ" ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು. ದೊಡ್ಡಪ್ಪ ಆ ಮನೆಯ ಕಡೆ ಒಂದು ವರ್ಷ ಕಾಲಿಡಲಿಲ್ಲ. ಬೀಗಿತ್ತಿ ಕರೆಯಲೂ ಇಲ್ಲ.

ಏಳನೇ ತಿಂಗಳಿಗೆ ಬಳೆ ತೊಡಿಸುವ ಶಾಸ್ತ್ರ ಬೇಡ, ಮಗು ಉಳಿಯುವುದೇ ಅನುಮಾನ, ಸುಮ್ಮನೆ ಸಡಗರ ಯಾಕೆ ಅಂತ ಕೆಲವರು ಅಂದರು. ಬೀಗಿತ್ತಿ ಇಡೀ ಬೀದಿಯನ್ನು ಕರೆದಳು. ಮೊಣಕೈ ತನಕ ಹಸಿರು ಬಳೆ ಏರಿಸಿದಳು.

ಆದರೆ ಬಳೆ ಶಾಸ್ತ್ರವಾದ ಮೇಲೆ ಮಗಳನ್ನು ತವರಿಗೆ ಕರೆತರಬೇಕು. ಚೊಚ್ಚಲ ಹೆರಿಗೆ ತವರಿನ ಹಕ್ಕು. ನಾನು ಹಳೇ ಸೀರೆ ಹರಿದು ಮೆತ್ತನೆ ಬಟ್ಟೆ ಮಡಿಸಿಟ್ಟಿದ್ದೆ, ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದ್ದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಹೆರಿಗೆ ಅಂದರೆ ಊರಲ್ಲಿ ನನಗೆ ತಲೆ ಎತ್ತಲು ಆಗುವುದಿಲ್ಲ ಅಂತ ಬೀಗಿತ್ತಿಯ ಮುಂದೆ ಅತ್ತುಬಿಟ್ಟೆ. ಆಕೆ, "ತವರು ಅಂದ್ರೆ ಗೋಡೆನಾ ಬೀಗ್ರೇ? ತಾಯಿ ಎಲ್ಲವ್ಳೋ ಅದೇ ತವ್ರು. ನಿಮ್ ಬಟ್ಟೆ ಗಂಟು ಕಟ್ಕೊಂಡು ನೀವೂ ಬನ್ನಿ" ಅಂದಳು.

ಹಾಗೆ ಎಂಟು ತುಂಬಿದ ಮೇಲೆ ನಾವು ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆವು. ಇಬ್ಬರು ಬೀಗಿತ್ತಿಯರು, ಒಂದೇ ಒಲೆ. ಆಕೆಯ ಸಾರಿಗೆ ಖಾರ ಹೆಚ್ಚು, ನನ್ನ ಮುದ್ದೆ ಆಕೆಗೆ ಮೆತ್ತಗೆ. "ಇದು ಮುದ್ದೆಯಲ್ಲ ಕಣ್ರೀ, ಅಂಬಲಿಗೆ ಮುದ್ದೆ ಅಂತ ಹೆಸ್ರಿಟ್ಟವ್ರೆ" ಅನ್ನುತ್ತಿದ್ದಳು. ಅಂಥ ಜಗಳಗಳಲ್ಲಿ 'ನೀವು' ಹೋಗಿ 'ನೀನು' ಬಂತು. ಯಾವ ದಿನ ಬಂತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಆ ಕೋಣೆಯ ಗೋಡೆ ನಾಲ್ಕೂ ನೀಲಿ ಬಣ್ಣದ್ದು. ಮೊದಲ ದಿನ ಬಾಗಿಲಲ್ಲೇ ನಿಂತುಬಿಟ್ಟಳು, ಒಳಗೆ ಕಾಲಿಡಲಿಲ್ಲ. ಆಮೇಲೆ ಅಂಗಡಿಗೆ ಹೋಗಿ ಹಳೇ ಪೇಪರ್ ಕಟ್ಟು ತಂದಳು. ರಾಗಿ ಹಿಟ್ಟಿನ ಅಂಟು ಕಾಸಿ, ಸಂಜೆಯೊಳಗೆ ನಾಲ್ಕು ಗೋಡೆಗೂ ಪೇಪರ್ ಮೆತ್ತಿದಳು. ಮನೆ ಮಾಲೀಕ ಬಂದು ಹೌಹಾರಿದ. "ನನ್ನ ಪೇಂಟ್ ಹಾಳಾಯ್ತಲ್ಲಮ್ಮ!" "ಹೋಗೋವಾಗ ಕೆರ್ದು ಹಳ್ದಿ ಬಣ್ಣ ಬಳ್ದುಕೊಟ್ಟೋಯ್ತೀನಿ. ನಿಮ್ ಮನೆ ಲಕ್ಷಣ ಆಯ್ತದೆ, ಓಗಿ" ಅಂದಳು. ಹೊರಡುವ ಮುನ್ನ ಬಳಿದೇ ಕೊಟ್ಟಳು.

ಒಂದು ಬೆಳಗ್ಗೆ ಹತ್ತರ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು. ನರ್ಸು ಬಂದು ಹೇಳಿದಾಗ ಬೀಗಿತ್ತಿ ನನ್ನ ಕಡೆ ನೋಡಿ, "ಎಲ್ಲವ್ವಾ ನಿನ್ ಪೊರಕೆ?" ಅಂದಳು. ನಾನು ಆಕೆಯ ಕಾಲು ಹಿಡಿಯಲು ಬಗ್ಗಿದೆ. "ಏ, ಎದ್ದೇಳು, ಇನ್ನೂ ಕೆಲ್ಸ ಅದೆ" ಅಂತ ತೋಳು ಹಿಡಿದು ಎತ್ತಿದಳು.

ಮಗುವನ್ನು ನಮ್ಮ ಕೈಗೆ ಕೊಡಲಿಲ್ಲ. ಡಾಕ್ಟರುಗಳು ಕಾದು ನಿಂತಿದ್ದರು, ಎತ್ತಿಕೊಂಡು ಹೋಗಿ ನರದೊಳಕ್ಕೆ ಔಷಧಿ ಹನಿಸಿದರು. ಗಾಜಿನ ಆಚೆ ಕಂಡಳು. ತುಟಿ ನೇರಳೆ. ಬೀಗಿತ್ತಿ ಹೇಳಿದ್ದ ಅದೇ ಬಣ್ಣ. ಆಕೆ ಗಾಜಿಗೆ ಹಣೆ ಒತ್ತಿ ನಿಂತು, "ಈ ಸಲ ಕಿಂಡಿ ಅದೆ, ನೋಡ್ತಾವ್ನಿ ಕಣವ್ವಾ, ನೋಡ್ತಾವ್ನಿ" ಅಂತ ಮಗುವಿಗೆ ಹೇಳುತ್ತಿದ್ದಳು.

ಏಳನೇ ದಿನ ಆಪರೇಷನ್. ಬೆಳಗ್ಗೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನ ದಾಟಿದರೂ ಹೊರಗೆ ಬರಲಿಲ್ಲ. ನಾನು ನಮ್ಮ ಮನೆದೇವರಿಗೆಲ್ಲ ಹರಕೆ ಹೊತ್ತೆ. ಆಕೆ ನೆಲದ ಮೇಲೆ ಕೂತು ತನ್ನದೇ ಉಗುರನ್ನು ಒತ್ತುತ್ತಾ ಬಿಡುತ್ತಾ ಇದ್ದಳು. ಕೊನೆಗೆ ದೊಡ್ಡ ಡಾಕ್ಟರು ಟೋಪಿ ತೆಗೆಯುತ್ತಾ ಬಂದು, "ಆಯ್ತು. ಎರಡೂ ಅವುಗಳ ಜಾಗಕ್ಕೆ ಬಂದಿವೆ. ಇನ್ನು ಮೂರು ದಿನ ಕಾಯೋಣ" ಅಂದರು.

ಮೂರು ದಿನ ಕಾದೆವು. ನಾಲ್ಕನೇ ದಿನ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಮಗಳು, ಅಳಿಯ ನೋಡಿ ಬಂದ ಮೇಲೆ, ತಾಯಿಯ ತಾಯಿ ಅಂತ ನಾನು ಹೋಗಬೇಕು. "ನೀನೋಗು" ಅಂತ ಆಕೆಯನ್ನೇ ಮುಂದೆ ತಳ್ಳಿದೆ. ನರ್ಸು ಕೈ ತೊಳೆಯಿರಿ ಅಂದಳು. ಆಕೆ ಮೊಣಕೈ ತನಕ ಸೋಪು ಹಚ್ಚಿ ತೊಳೆದಳು. ಆಗ ನೋಡಿದೆ. ಹೊಲ ಬಿಟ್ಟು ತಿಂಗಳುಗಳಾಗಿ ಆ ಹೆಬ್ಬೆರಳಿನ ಕರಿ ಹೋಗಿತ್ತು. ಬಾಗಿಲ ಸಂದಿಯಲ್ಲಿ ನಿಂತು ನಾನು ನೋಡುತ್ತಿದ್ದೆ. ಎಷ್ಟೋ ನಳಿಕೆಗಳ ನಡುವೆ ಒಂದು ಕೈ ಹುಡುಕಿ, ಕಿರುಬೆರಳ ಉಗುರನ್ನು ಮೆಲ್ಲಗೆ ಒತ್ತಿ, ಬಿಟ್ಟಳು. ಬಗ್ಗಿದಳು.

"ಬಂತು" ಅಂದಳು.

ಅದೊಂದೇ ಮಾತು. ಆಮೇಲೆ ಹೊರಗೆ ಬಂದು ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ನಾನು ಆಕೆ ಅತ್ತದ್ದು ನೋಡಿದ್ದು ಅದೊಂದೇ ಸಲ.

ಪುಟ್ಟಿಯನ್ನು ಊರಿಗೆ ತಂದ ಮೇಲೆ ಜನ ಸುಮ್ಮನಿರಲಿಲ್ಲ. ಎದೆಯ ನಡುವೆ ಉದ್ದಕ್ಕೆ ಹೊಲಿಗೆಯ ಗುರುತು. "ಹೊಲ್ದಿರೋ ಎದೆ, ನಾಳೆ ಯಾರು ಮದ್ವೆ ಆಯ್ತಾರೆ? ಕತ್ತಿನ ತನ್ಕ ಮುಚ್ಚೋ ಅಂಗಿ ಹಾಕ್ಸಿ" ಅಂದರು. ಬೀಗಿತ್ತಿ ಬೇಕೆಂದೇ ಅಗಲ ಕತ್ತಿನ ಅಂಗಿ ಹೊಲಿಸಿದಳು. "ಇದು ಅವಳು ಗೆದ್ದಿರೋ ಗುರ್ತು. ಮುಚ್ಚೋಕೆ ಕದ್ದವ್ಳಾ?" ಅಂದಳು. ಎಲ್ಲಿ ಬಸುರಿ ಹೆಂಗಸು ಕಂಡರೂ ನಿಲ್ಲಿಸಿ, "ಐದು ತುಂಬ್ತಾ? ಕೂಸಿನ ಗುಂಡಿಗೆ ನೋಡಿದ್ರಾ ಅಂತ ಡಾಕ್ಟ್ರನ್ನ ಕೇಳವ್ವ. ಸುಮ್ನೆ ಕೇಳು, ನೋಡಿದ್ರೆ ಕಣ್ಣೇನು ಸವೀತದಾ?" ಅನ್ನುತ್ತಿದ್ದಳು. ಕೆಲವರು ಅಪಶಕುನದ ಮಾತು ಅಂತ ಬಾಗಿಲು ಹಾಕಿಕೊಂಡರು. ಹಾಕಿದ ಬಾಗಿಲ ಹೊರಗೆ ನಿಂತೂ ಕೇಳಿಯೇ ಮುಂದೆ ಹೋಗುತ್ತಿದ್ದಳು. ನೀಲಿ ಬಣ್ಣವೂ ಮನೆಯೊಳಗೆ ಬಂತು. ಪುಟ್ಟಿಯ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ನಾವು ಕೊಟ್ಟಿದ್ದ ನವಿಲು ಬಣ್ಣದ ಸೀರೆ ಉಟ್ಟು ಕೂತಿದ್ದಳು.

ಅಜ್ಜಿ ಮೊಮ್ಮಗಳಿಗೆ ಒಂದು ಆಟ ಇತ್ತು. ಇವಳು ಅವಳ ಉಗುರು ಒತ್ತುವುದು, ಅವಳು ಇವಳದು. ಕೆಂಪು ಬಂದ ಕೂಡಲೇ ಇಬ್ಬರೂ "ಬಂತು!" ಅಂತ ಕೂಗುವುದು.

ಹೋದ ವರ್ಷ ಕಾರ್ತಿಕದಲ್ಲಿ ಆಕೆ ಹೋದಳು. ಒಂದು ವಾರದ ಜ್ವರ, ಅಷ್ಟೇ. ನಾವು ಹೋಗುವಷ್ಟರಲ್ಲಿ ನಮ್ಮ ಪದ್ಧತಿಯಂತೆ ಜಗಲಿಯ ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ಈಬತ್ತಿ ಹಚ್ಚಿ, ಅದೇ ನವಿಲು ಬಣ್ಣದ ಸೀರೆ ಉಡಿಸಿದ್ದರು. ಕೈಗಳು ಮಡಿಲಲ್ಲಿದ್ದವು. ಬಲಗೈ ಹೆಬ್ಬೆರಳು ಮತ್ತೆ ಕಪ್ಪಗಿತ್ತು. ಆ ವರ್ಷದ ಸೊಪ್ಪನ್ನೂ ಮುರಿದೇ ಹೋಗಿದ್ದಳು.

ಪುಟ್ಟಿ ನನ್ನ ಕೈ ಬಿಡಿಸಿಕೊಂಡು ಅಜ್ಜಿಯ ಹತ್ತಿರ ಹೋದಳು. ಅಳಿಯನ ದೊಡ್ಡಪ್ಪ, "ಎದೆ ಕುಯ್ದಿರೋ ಮಗ, ಹೆಣ ಮುಟ್ಟುಸ್ಬೇಡಿ, ಎಳ್ಕೊಳಿ" ಅಂದರು. ಇಬ್ಬರು ಎದ್ದರು. "ಯಾರೂ ಮುಟ್ಟಕೂಡ್ದು ಅವಳ್ನ" ಅಂದೆ ನಾನು. ಬೀದಿಗೆಲ್ಲ ಕೇಳುವ ಹಾಗೆ. "ಅವಳಜ್ಜಿ ಅದು. ನೋಡ್ಲಿ."

ಪುಟ್ಟಿ ಅಜ್ಜಿಯ ಕೈ ಎತ್ತಿಕೊಂಡು ಉಗುರು ಒತ್ತಿದಳು. ಬಿಟ್ಟಳು. ಬಗ್ಗಿ ನೋಡಿದಳು. ಮತ್ತೆ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಮ್ಮ, ಬತ್ತಾ ಇಲ್ಲ" ಅಂದಳು.

ನಾನು ಪಕ್ಕದಲ್ಲಿ ಕೂತು ನನ್ನ ಕೈ ಚಾಚಿದೆ. "ಇಲ್ಲಿ ಒತ್ತು ಮಗ."

ಆ ಪುಟ್ಟ ಹೆಬ್ಬೆರಳು ನನ್ನ ಉಗುರಿನ ಮೇಲೆ ಕೂತಿತು. ಅವರಜ್ಜಿ ಒತ್ತುತ್ತಿದ್ದ ಹಾಗೇ, ಅಷ್ಟೇ ಬಿಗಿಯಾಗಿ, ಅಷ್ಟೇ ಹೊತ್ತು. ಆಮೇಲೆ ಬಿಟ್ಟಳು. ನಾವಿಬ್ಬರೂ ನೋಡುತ್ತಾ ಕೂತೆವು.

"ಬಂತು" ಅಂದಳು.